ಕಾಕಾ ಒತ್ತಿದ ಬಟನ್ ಎಲ್ಲಿಗೆ ಹೋಯ್ತು?

ಮೊನ್ನೆ ರಾತ್ರಿ ನಿದ್ದೆ ಬರದೆ ಒಬ್ಬ ಹಿರಿಯ ಬ್ಲಾಗಿಗರ ಹಳೇ ಪುಟಗಳನ್ನ ತಿರುವಿ ಹಾಕ್ತಾ ಕೂತಿದ್ದೆ. 2007ರ ಆಸುಪಾಸಿನ ಬರಹಗಳು. ಬಲಗಡೆ ಪಟ್ಟಿಯಲ್ಲಿ "ಇಲ್ಲಿಗೆ ಬಂದು ಹೋದವರು" ಅಂತ ಒಂದು ಸಾಲು, ಅದರ ಕೆಳಗೆ ಅಂಕಿ ಇರಬೇಕಾದ ಜಾಗದಲ್ಲಿ ಹರಿದ ಚಿತ್ರದ ಗುರುತು. ಲೆಕ್ಕ ಇಡ್ತಿದ್ದ ಕೌಂಟರ್ ಕಂಪನಿ ಯಾವಾಗಲೋ ಬಾಗಿಲು ಹಾಕ್ಕೊಂಡು ಹೋಗಿರಬೇಕು. ಎಷ್ಟು ಜನ ಬಂದಿದ್ರೋ, ಎಷ್ಟು ಸಲ ಆ ಪುಣ್ಯಾತ್ಮರು ತಾವೇ ರಿಫ್ರೆಶ್ ಒತ್ತಿ ಲೆಕ್ಕ ಏರಿಸಿದ್ರೋ... (ಹುಬ್ಬೇರಿಸಬೇಡಿ, ನಾವೆಲ್ಲ ಮಾಡಿದ್ದೇ :))

ಆ ಹರಿದ ಚಿತ್ರ ನೋಡಿದ ಮೇಲೆ ಇದನ್ನ ಬರೀಲೇಬೇಕು ಅನ್ನಿಸ್ತು. ಯಾಕಂದ್ರೆ ನನ್ನ ಹೊಟ್ಟೆಪಾಡಿನ ಅರ್ಧ ಕೆಲಸ ಇದೇ. ವೆಬ್ ಆ್ಯಪ್‌ಗಳಲ್ಲಿ ಯಾರು ಏನು ಒತ್ತಿದ್ರು, ಎಲ್ಲಿ ನಿಂತ್ರು, ಎಲ್ಲಿಂದ ವಾಪಸ್ ಹೋದ್ರು ಅಂತ ಲೆಕ್ಕ ಇಡೋ ಕೋಡ್ ಕುಟ್ಟೋದು. ಆಫೀಸಿನಲ್ಲಿ ಇದಕ್ಕೆ "ಇವೆಂಟ್ ಟ್ರ್ಯಾಕಿಂಗ್" ಅಂತಾರೆ. ನಮ್ಮಮ್ಮನಿಗೆ ಇದನ್ನ ವಿವರಿಸೋಕೆ ಹೋಗಿ ಸೋತಿದ್ದೀನಿ.

ಮೊದಲು ನಡೆದದ್ದು ಹೇಳಿಬಿಡ್ತೀನಿ. 2021. ಕೊರೊನಾ ಕಾಲ. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ, ಬೆಂಗಳೂರಿನ ಪಿಜಿ ಖಾಲಿ ಮಾಡಿ ಕವಿತಾಳಕ್ಕೆ ಬಂದು ಮನೆಯಿಂದಲೇ ಕೆಲಸ ಮಾಡ್ತಿದ್ದೆ. ಮನೆಯಿಂದ ಅಂದ್ರೆ ಮಾಳಿಗೆ ಮೇಲಿಂದ. ಕೆಳಗೆ ಸಿಗ್ನಲ್ ಇರ್ತಿರಲಿಲ್ಲ. ಕಂಪನಿಯ ಹೆಸರು ಬೇಡ. ರೈತರಿಗೆ ಬೀಜ, ಗೊಬ್ಬರ, ಔಷಧಿ ಮಾರೋ ವೆಬ್ ಆ್ಯಪ್ ಅವರದು. ಮೊದಲ ಸಲ ತೆರೆದಾಗ ಇಂಗ್ಲಿಷ್‌ನಲ್ಲೇ ಬರ್ತಿತ್ತು, ಕೆಳಗಿನಿಂದ ಒಂದು ಹಾಳೆ ಏರಿ ಬಂದು ಕನ್ನಡ, ತೆಲುಗು, ಹಿಂದಿ ಅಂತ ಆಯ್ಕೆ ಕೊಡ್ತಿತ್ತು.

ಒಂದು ಸೋಮವಾರದ ಮೀಟಿಂಗ್‌ನಲ್ಲಿ ಗ್ರಾಫ್ ಹಾಕಿದ್ರು. "ಭಾಷೆ ಆಯ್ಕೆ" ಅನ್ನೋ ಇವೆಂಟ್ ಸೊನ್ನೆಯ ಹತ್ತಿರ ಮಲಗಿತ್ತು. ಯಾರೂ ಒತ್ತುತ್ತಿಲ್ಲ, ಅನುವಾದಕ್ಕೆ ಸುಮ್ಮನೆ ದುಡ್ಡು ಹೋಗ್ತಿದೆ, ಮುಂದಿನ ಬಿಡುಗಡೆಯಲ್ಲಿ ತೆಗೆದುಬಿಡೋಣ ಅಂತ ತೀರ್ಮಾನ ಆಗೋದರಲ್ಲಿತ್ತು. ಹೊಸಬ ನಾನು, ಬಾಯಿ ತೆಗೀಲಿಲ್ಲ. ಆದ್ರೆ ನಮ್ಮ ಕಾಕಾ ಅದೇ ಆ್ಯಪ್‌ನಲ್ಲಿ ಹತ್ತಿಗೆ ಔಷಧಿ ತರಿಸೋದನ್ನ ನಾನೇ ಕಣ್ಣಾರೆ ನೋಡಿದ್ದೆ. ಅವರಿಗೆ ಇಂಗ್ಲಿಷ್ ಬರಲ್ಲ.

ಇದರ ಉತ್ತರ ಹುಡುಕ್ತಾ ಹೋದವನಿಗೆ ಸಿಕ್ಕಿದ್ದು ಮೂವತ್ತು ವರ್ಷದ ಒಂದು ಚರಿತ್ರೆ. ಕಾಕಾನ್ನ ಸ್ವಲ್ಪ ಹೊತ್ತು ಕಟ್ಟೆ ಮೇಲೆ ಕೂರಿಸಿ ಅದನ್ನ ಹೇಳ್ತೀನಿ.

*

ವೆಬ್ಬಿನ ಮೊದಲ ದಿನಗಳಲ್ಲಿ ಲೆಕ್ಕ ಇಡೋದಕ್ಕೆ ಯಾರೂ ಕೋಡ್ ಬರೀತಿರಲಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದವರು 90ರ ದಶಕದ ಮೊದಲ ಭಾಗದಲ್ಲಿ ಮಾಡಿದ ವೆಬ್ ಸರ್ವರ್ ತಾನಾಗೇ ದಿನಚರಿ ಬರೀತಿತ್ತು. ಯಾವ ವಿಳಾಸದಿಂದ ಬಂದ್ರು, ಎಷ್ಟು ಗಂಟೆಗೆ, ಯಾವ ಪುಟ ಕೇಳಿದ್ರು, ಸಿಕ್ತೋ ಇಲ್ವೋ, ಎಷ್ಟು ಬೈಟ್ ಕಳಿಸಿದೆ. ಒಂದು ಕೋರಿಕೆಗೆ ಒಂದು ಸಾಲು. 1995ರಲ್ಲಿ ಬಂದ ಅಪಾಚೆ ಸರ್ವರ್ ಇದೇ ರೂಢಿಯನ್ನ ಮುಂದುವರಿಸ್ತು, ಇವತ್ತಿಗೂ ಆ ಸಾಲಿನ ಆಕಾರ ಹೆಚ್ಚು ಬದಲಾಗಿಲ್ಲ. ಆ ಲಾಗ್ ಫೈಲನ್ನ ಓದಿ ಪಟ್ಟಿ ಮಾಡಿಕೊಡೋಕೆ ಅನಲಾಗ್, ವೆಬ್‌ಟ್ರೆಂಡ್ಸ್ ಅಂತ ತಂತ್ರಾಂಶಗಳು ಬಂದ್ವು.

ಈ ವಿಧಾನಕ್ಕೆ ದೋಷ ಬೇಕಾದಷ್ಟಿತ್ತು. ಪುಟದಲ್ಲಿ ಹತ್ತು ಚಿತ್ರ ಇದ್ರೆ ಹನ್ನೊಂದು "ಹಿಟ್". ನಡುವೆ ಯಾವುದಾದ್ರೂ ಪ್ರಾಕ್ಸಿ ಪುಟವನ್ನ ತನ್ನಲ್ಲೇ ಇಟ್ಟುಕೊಂಡು ಹಂಚಿದ್ರೆ ನೂರು ಜನ ಓದಿದ್ರೂ ಲಾಗ್‌ನಲ್ಲಿ ಒಂದೇ ಸಾಲು. ಆದ್ರೂ ಒಂದು ಗುಣ ಇತ್ತು ನೋಡಿ, ಅದು ಆಮೇಲೆ ಕಳೆದುಹೋಯ್ತು. ಸರ್ವರ್‌ಗೆ ಭೇದ ಗೊತ್ತಿರಲಿಲ್ಲ. ಕನ್ನಡ ಪುಟ ಕೇಳಿದ್ರೆ "ಕನ್ನಡ ಪುಟ ಕೇಳಿದ್ರು" ಅಂತ ಬರೆದೇ ಬರೀತಿತ್ತು. ಬರೀ ಅಂತ ಯಾರೂ ಹೇಳಬೇಕಾಗಿರಲಿಲ್ಲ.

ಪ್ರಾಕ್ಸಿಯ ಕಾಟ ತಪ್ಪಿಸೋಕೆ ಹುಟ್ಟಿದ್ದು ಟ್ಯಾಗ್. ಪುಟದೊಳಗೆ ಒಂದು ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ ಎತ್ತರದ ಕಣ್ಣಿಗೆ ಕಾಣದ ಚಿತ್ರ. ಓದುಗನ ಬ್ರೌಸರ್ ಆ ಚಿತ್ರವನ್ನ ಕೇಳಿದಾಗೆಲ್ಲ ಒಂದು ಎಣಿಕೆ. ನಮ್ಮ ಹಿರಿಯ ಬ್ಲಾಗಿಗರ ಕೌಂಟರೂ ಇದೇ ಜಾತಿ, ಅದಕ್ಕೆ ಮಾತ್ರ ಕಾಣೋ ಅಂಕಿ ಇತ್ತು ಅಷ್ಟೆ. ಸ್ಯಾನ್ ಡಿಯೇಗೋ ಊರಿನ ಅರ್ಚಿನ್ ಅನ್ನೋ ಕಂಪನಿ ಈ ಕೆಲಸದಲ್ಲಿ ಹೆಸರು ಮಾಡಿತ್ತು. 2005ರಲ್ಲಿ ಗೂಗಲ್ ಅದನ್ನ ಕೊಂಡುಕೊಂಡು, ಅದೇ ವರ್ಷ ನವೆಂಬರ್‌ನಲ್ಲಿ ಗೂಗಲ್ ಅನಲಿಟಿಕ್ಸ್ ಅಂತ ಹೆಸರಿಟ್ಟು ಪುಕ್ಕಟೆ ಬಿಟ್ಟಿತು. ಜನ ಎಷ್ಟು ಮುಗಿಬಿದ್ರು ಅಂದ್ರೆ ಕೆಲವೇ ದಿನಕ್ಕೆ ಹೊಸ ನೋಂದಣಿ ನಿಲ್ಲಿಸಬೇಕಾಯ್ತು. 2006ರ ಆಗಸ್ಟ್‌ನಲ್ಲಿ ಮತ್ತೆ ಎಲ್ಲರಿಗೂ ತೆರೆದ್ರು. ವಾಟ್ಸಾಪ್‌ನಲ್ಲಿ ಬರೋ ಉದ್ದುದ್ದ ಲಿಂಕ್‌ಗಳ ಬಾಲದಲ್ಲಿ "ಯುಟಿಎಂ" ಅಂತ ಇರತ್ತಲ್ಲ, ಅದು ಅರ್ಚಿನ್ ಟ್ರ್ಯಾಕಿಂಗ್ ಮಾಡ್ಯೂಲ್‌ನ ಮೊದಲಕ್ಷರಗಳು. ಕಂಪನಿ ಮಾಯವಾದ್ರೂ ಹೆಸರು ಬಾಲದಲ್ಲಿ ಉಳೀತು.

ಅದೇ ಹೊತ್ತಿಗೆ ಪುಟ ಅನ್ನೋ ಕಲ್ಪನೆಯೇ ಅಲುಗಾಡ್ತಿತ್ತು. 2004ರಲ್ಲಿ ಬಂದ ಜಿಮೇಲ್‌ನಲ್ಲಿ ಹತ್ತು ಪತ್ರ ಓದಿದ್ರೂ ಹೊಸ ಪುಟ ತೆರೀತಿರಲಿಲ್ಲ. ಈ ತಂತ್ರಕ್ಕೆ 2005ರ ಫೆಬ್ರುವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ "ಅಜಾಕ್ಸ್" ಅಂತ ಹೆಸರಿಟ್ರು. ಪುಟವೇ ಬದಲಾಗದಿದ್ರೆ ಎಣಿಸೋದು ಏನನ್ನ? ಮೊದಮೊದಲು ಡೆವಲಪರ್‌ಗಳು ಸುಳ್ಳು ಹೇಳ್ತಿದ್ರು. ಯಾರಾದ್ರೂ ಬಟನ್ ಒತ್ತಿದ್ರೆ ಇಲ್ಲದ ಒಂದು ಪುಟದ ಹೆಸರು ಕೊಟ್ಟು "ಇದನ್ನ ನೋಡಿದ್ರು" ಅಂತ ಅನಲಿಟಿಕ್ಸ್‌ಗೆ ವರದಿ. ಆಮೇಲೆ ಗೂಗಲ್‌ನವರೇ "ಇವೆಂಟ್" ಅಂತ ಬೇರೆ ಖಾನೆ ಮಾಡಿಕೊಟ್ರು. ವರ್ಗ, ಕ್ರಿಯೆ, ಲೇಬಲ್, ಮೌಲ್ಯ ಅಂತ ನಾಲ್ಕು ಕಲಂ. 2009ರಲ್ಲಿ ಶುರುವಾದ ಮಿಕ್ಸ್‌ಪ್ಯಾನೆಲ್ ಪುಟ ಬಿಟ್ಟು ಇವೆಂಟನ್ನೇ ನಂಬಿ ಬೆಳೀತು. 2012ರಲ್ಲಿ ಸೆಗ್ಮೆಂಟ್ ಅನ್ನೋ ಕಂಪನಿ ಒಂದೇ ಸಲ ಬರೀರಿ, ಎಷ್ಟು ಕಡೆ ಬೇಕಾದ್ರೂ ನಾವು ಹಂಚ್ತೀವಿ ಅಂತ ಬಂತು. 2020ರಲ್ಲಿ ಟ್ವಿಲಿಯೊ ಅದನ್ನ 320 ಕೋಟಿ ಡಾಲರ್‌ಗೆ ಕೊಂಡಾಗ ನಾನು ಕೆಲಸ ಹುಡುಕ್ತಿದ್ದೆ, ಇರ್ಲಿ ಬಿಡಿ.

ಇಲ್ಲಿ ಸದ್ದಿಲ್ಲದೆ ಒಂದು ದೊಡ್ಡ ಬದಲಾವಣೆ ಆಯ್ತು. ಸರ್ವರ್ ತಾನಾಗೇ ಬರೀತಿದ್ದ ದಿನಚರಿಯ ಜಾಗಕ್ಕೆ ಮನುಷ್ಯ ಕೈಯಾರೆ ಬರೆಯೋ ದಿನಚರಿ ಬಂತು. ಯಾವ ಬಟನ್‌ಗೆ ನಾನು ಸಾಲು ಬರೀತೀನೋ ಅದು ಒತ್ತಿದ್ದು ಮಾತ್ರ ದಾಖಲೆ. ಬರೆಯದೇ ಬಿಟ್ಟದ್ದು ನಡೆದೇ ಇಲ್ಲ.

*

ಇನ್ನು ಕಾಂಪೊನೆಂಟ್‌ಗಳ ಕಾಲ. 2013ರ ಮೇ ತಿಂಗಳಲ್ಲಿ ಫೇಸ್‌ಬುಕ್‌ನವರು ರಿಯಾಕ್ಟನ್ನ ಎಲ್ಲರಿಗೂ ಮುಕ್ತವಾಗಿ ಬಿಟ್ರು. ಜೋರ್ಡನ್ ವಾಕ್ ಅನ್ನೋ ಎಂಜಿನಿಯರ್ ಕೈಯಿಂದ ಬಂದದ್ದು. ಪುಟವನ್ನ ಒಂದು ಉದ್ದ ಹಾಳೆ ಅಂತ ನೋಡದೆ ಸಣ್ಣ ಸಣ್ಣ ಬಿಡಿಭಾಗಗಳ ಜೋಡಣೆ ಅಂತ ನೋಡೋದು. ಬಟನ್ ಒಂದು ಭಾಗ, ಅದನ್ನ ಹೊತ್ತ ಕಾರ್ಡ್ ಇನ್ನೊಂದು, ಕಾರ್ಡ್‌ಗಳ ಪಟ್ಟಿ ಮತ್ತೊಂದು. ಒಂದೇ ಬಟನ್ ಇಪ್ಪತ್ತು ಕಡೆ ಬಳಕೆ.

ಕೋಡ್ ಬರೆಯೋರಿಗೆ ಸುಗ್ಗಿ. ಲೆಕ್ಕ ಇಡೋರಿಗೆ ತಲೆನೋವು. ಬಟನ್‌ಗೆ ತಾನು ಎಲ್ಲಿ ಕೂತಿದ್ದೀನಿ ಅನ್ನೋದೇ ಗೊತ್ತಿಲ್ಲ. ಅದು ಗೊತ್ತಾಗಲಿ ಅಂತ ಪ್ರತಿ ಬಟನ್‌ಗೂ ಊರಿನ ವಿಳಾಸವೆಲ್ಲ ಹೇಳಿಕೊಡ್ತಾ ಹೋದ್ರೆ ಬಿಡಿಭಾಗ ಬಿಡಿಭಾಗವಾಗಿ ಉಳಿಯಲ್ಲ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಎಂಜಿನಿಯರ್‌ಗಳು ಇದಕ್ಕೆ ರಿಯಾಕ್ಟ್-ಟ್ರ್ಯಾಕಿಂಗ್ ಅಂತ ಒಂದು ಲೈಬ್ರರಿ ಮಾಡಿ ಮುಕ್ತವಾಗಿ ಕೊಟ್ಟಿದ್ದಾರೆ. ಅದರ ಉಪಾಯ ನಮ್ಮ ರಾಯಚೂರು ಮಾರ್ಕೆಟ್ಟಿಗೆ ಹೋಗೋ ಹತ್ತಿ ಚೀಟಿ ಇದ್ದ ಹಾಗೆ. ರೈತ ತನ್ನ ಹೆಸರು ಹೇಳ್ತಾನೆ, ಗಾಡಿಯವ ಊರು ಸೇರಿಸ್ತಾನೆ, ಅಡತಿ ಅಂಗಡಿಯವರು ತೂಕ, ದರ ಸೇರಿಸ್ತಾರೆ. ಒಬ್ಬೊಬ್ಬರೂ ತಮಗೆ ಗೊತ್ತಿದ್ದಷ್ಟೇ ಬರೀತಾರೆ, ಕೊನೆಗೆ ಚೀಟಿ ಪೂರ್ತಿ. ಹಾಗೆ ಪುಟದ ಕಾಂಪೊನೆಂಟ್ "ಇದು ಮುಖಪುಟ" ಅನ್ನತ್ತೆ, ಒಳಗಿನ ಪಟ್ಟಿ "ಇದು ಹತ್ತಿ ವಿಭಾಗ" ಅನ್ನತ್ತೆ, ಬಟನ್ "ನನ್ನನ್ನ ಒತ್ತಿದ್ರು" ಅಂತ ಮಾತ್ರ. ಚೆನ್ನಾಗಿದೆ. ನಾವು ಮಾತ್ರ ಅದನ್ನ ಬಳಸಿರಲಿಲ್ಲ!

ನಾವು ಬಳಸಿದ್ದು ಸೋಮಾರಿಗಳ ದಾರಿ. ಪ್ರತಿ ಬಟನ್ ಮೇಲೂ ಒಂದು ಗುರುತಿನ ಚೀಟಿ ಅಂಟಿಸೋದು, ಇಡೀ ಡಾಕ್ಯುಮೆಂಟ್‌ಗೆ ಒಬ್ಬನೇ ಕಾವಲುಗಾರ. ಎಲ್ಲಿ ಯಾರು ಏನು ಒತ್ತಿದ್ರೂ ಕ್ಲಿಕ್ ನೀರಿನ ಗುಳ್ಳೆ ಹಾಗೆ ಬಟನ್‌ನಿಂದ ಹಾಳೆಗೆ, ಹಾಳೆಯಿಂದ ರಿಯಾಕ್ಟ್‌ನ ಬೇರಿಗೆ, ಅಲ್ಲಿಂದ ಡಾಕ್ಯುಮೆಂಟ್‌ಗೆ ಏರಿ ಬರತ್ತೆ. ಕಾವಲುಗಾರ ಚೀಟಿ ಓದಿ ಲೆಕ್ಕ ಕಳಿಸ್ತಾನೆ. ವರ್ಷಗಟ್ಟಲೆ ಸರಿಯಾಗೇ ನಡೆದಿತ್ತು ಅಂತೆ.

ಈಗ ಕಾಕಾನ್ನ ಕಟ್ಟೆಯಿಂದ ಇಳಿಸೋಣ. ಆ ಸೋಮವಾರ ಸಂಜೆ ಅವರನ್ನ ಮಾಳಿಗೆಗೆ ಕರೆದೆ. ಫೋನ್ ಅವರ ಕೈಲಿ, ಲ್ಯಾಪ್‌ಟಾಪ್ ನನ್ನ ತೊಡೆ ಮೇಲೆ, ಇವೆಂಟ್‌ಗಳು ಬಂದ ಹಾಗೇ ತೋರಿಸೋ ಪರದೆ ತೆರೆದಿದೆ.

"ಕಾಕಾ, ಕನ್ನಡ ಒತ್ತು."

"ಒತ್ತೀನಿ."

ಪರದೆ ಮೇಲೆ ಏನೂ ಬರಲಿಲ್ಲ.

"ಇನ್ನೊಮ್ಮೆ ಒತ್ತು."

"ಏನಲೇ ತಮ್ಮಾ, ಕನ್ನಡ ಬಂದದಲ್ಲ, ಮತ್ಯಾಕ ಒತ್ಲಿ?"

ಬಂದಿತ್ತು. ಅವರ ಫೋನ್ ತುಂಬ ಕನ್ನಡ. ನನ್ನ ಪರದೆ ಖಾಲಿ. ಉತ್ಪನ್ನದ ಕಾರ್ಡ್ ಒತ್ತಿಸಿದೆ, ಅದು ಬಂತು. ಭಾಷೆಯ ಹಾಳೆಯದು ಮಾತ್ರ ಇಲ್ಲ.

ಎರಡು ರಾತ್ರಿ ತಿಂದಿತು ಅದು. ಕಾರಣ ಸಿಕ್ಕಿದ್ದು ನಾವು ಎರಡು ತಿಂಗಳ ಹಿಂದೆ ಮಾಡಿದ ಒಂದು ಅಪ್‌ಗ್ರೇಡ್‌ನಲ್ಲಿ. ರಿಯಾಕ್ಟ್ 17, 2020ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದದ್ದು. ಅದರಲ್ಲಿ ಡೆವಲಪರ್‌ಗಳಿಗೆ ಹೊಸದು ಅನ್ನೋದು ಏನೂ ಇಲ್ಲ ಅಂತ ಅವರೇ ಹೇಳ್ಕೊಂಡಿದ್ರು. ಆದ್ರೆ ಒಳಗೆ ಒಂದು ಜಾಗ ಬದಲಾಗಿತ್ತು. 16ರ ತನಕ ರಿಯಾಕ್ಟ್ ಕ್ಲಿಕ್‌ಗಳನ್ನ ಕೇಳಿಸಿಕೊಳ್ಳೋದು ಡಾಕ್ಯುಮೆಂಟ್‌ನಲ್ಲಿ ಕೂತು, ಅಂದ್ರೆ ನಮ್ಮ ಕಾವಲುಗಾರನ ಪಕ್ಕದಲ್ಲೇ. ಯಾವುದಾದ್ರೂ ಕಾಂಪೊನೆಂಟ್ "ಈ ಕ್ಲಿಕ್ ಇಲ್ಲಿಗೇ ನಿಲ್ಲಲಿ" ಅಂದ್ರೂ ಅಷ್ಟರಲ್ಲಿ ಗುಳ್ಳೆ ಮೇಲೆ ಬಂದಾಗಿರ್ತಿತ್ತು, ಕಾವಲುಗಾರನಿಗೂ ಸಿಗ್ತಿತ್ತು. ಒಂದೇ ಪುಟದಲ್ಲಿ ರಿಯಾಕ್ಟ್‌ನ ಎರಡು ಆವೃತ್ತಿ ಜಗಳವಿಲ್ಲದೆ ಬಾಳಲಿ ಅಂತ 17ರಲ್ಲಿ ಅದು ಒಂದು ಮೆಟ್ಟಿಲು ಇಳಿದು ತನ್ನ ಬೇರಿನ ಹತ್ತಿರ ಕೂತಿತು. ಈಗ "ನಿಲ್ಲು" ಅಂದ್ರೆ ಕ್ಲಿಕ್ ನಿಜಕ್ಕೂ ಅಲ್ಲೇ ನಿಲ್ಲತ್ತೆ. ಡಾಕ್ಯುಮೆಂಟ್‌ವರೆಗೆ ಬರೋದೇ ಇಲ್ಲ.

ನಮ್ಮ ಭಾಷೆಯ ಹಾಳೆ, ಒಳಗೆ ಒತ್ತಿದ್ರೆ ಹಾಳೆಯೇ ಮುಚ್ಚಿಕೊಳ್ಳಬಾರದು ಅಂತ, ಪ್ರತಿ ಕ್ಲಿಕ್‌ಗೂ "ನಿಲ್ಲು" ಅಂತಿತ್ತು.

ಹಳೇ ಕಾಲದ ಹಾಗೆ ಕನ್ನಡಕ್ಕೆ ಬೇರೆ ಪುಟ ಇದ್ದಿದ್ರೆ ಸರ್ವರ್ ಲಾಗ್‌ನಲ್ಲಿ ಸಾಲು ಸಾಲಾಗಿ ಸಾಕ್ಷಿ ಸಿಗ್ತಿತ್ತು. ನಮ್ಮಲ್ಲಿ ಭಾಷೆ ಬದಲಾಗ್ತಿದ್ದುದು ಬ್ರೌಸರ್‌ನ ಒಳಗೇ, ಸರ್ವರ್‌ಗೆ ಸುದ್ದಿಯೇ ಇಲ್ಲ. ತಿದ್ದುಪಡಿ ಒಂದೇ ಪದದ್ದು. ಕ್ಲಿಕ್ ಮೇಲೇರುವ ಮೊದಲು ಡಾಕ್ಯುಮೆಂಟ್‌ನಿಂದ ಬಟನ್ ಕಡೆಗೆ ಇಳಿಯತ್ತೆ, ಅದಕ್ಕೆ "ಕ್ಯಾಪ್ಚರ್" ಹಂತ ಅಂತ ಹೆಸರು. ಕಾವಲುಗಾರನಿಗೆ ಏರುವಾಗ ಅಲ್ಲ, ಇಳಿಯುವಾಗಲೇ ಬರ್ಕೋ ಅಂತ ಹೇಳಿದ್ದಾಯ್ತು. ರಿಯಾಕ್ಟ್ ತಂಡದವರು ಬಿಡುಗಡೆಯ ಟಿಪ್ಪಣಿಯಲ್ಲೇ ಈ ಎಚ್ಚರಿಕೆ ಬರೆದಿದ್ರು. ಅದನ್ನ ಓದದೆ ಅಪ್‌ಗ್ರೇಡ್ ಮಾಡಿದ ಮಹಾನುಭಾವ ಬೇರೆ ಯಾರೂ ಅಲ್ಲ, ನಾನೇ.

ಮೀಟಿಂಗ್‌ನಲ್ಲಿ ಒಪ್ಪಿಕೊಂಡೆ. ಕನ್ನಡ ಉಳೀತು. ಬೈಗುಳವೂ ಸಿಕ್ತು.

*

ಆದ್ರೆ ಲೆಕ್ಕ ಇನ್ನೂ ಸರಿ ಹೋಗಿರಲಿಲ್ಲ. ಮಾಳಿಗೆ ಮೇಲೆ ಒತ್ತಿದ್ದು ಬರ್ತಿತ್ತು, ಹೊಲದಿಂದ ಒತ್ತಿದ್ದು ಕೆಲವು ಸಲ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮೇಲೆ ಇಷ್ಟು ನೀರು ಬಿಟ್ಟಿದ್ದೀವಿ ಅಂತ ಲೆಕ್ಕ ಇರತ್ತೆ, ಮಾನ್ವಿ, ಸಿರವಾರ ಕಡೆ ಗದ್ದೆಗೆ ಎಷ್ಟು ಮುಟ್ಟಿತು ಅನ್ನೋದು ಬೇರೆ ಲೆಕ್ಕ. ಬಟನ್ ಒತ್ತಿ ತಕ್ಷಣ ಬ್ರೌಸರ್ ಮುಚ್ಚಿಬಿಟ್ರೆ ಅರ್ಧ ದಾರಿಯಲ್ಲಿದ್ದ ಇವೆಂಟ್ ಸತ್ತೇ ಹೋಗತ್ತೆ. ನೆಟ್‌ವರ್ಕ್ ನಿಧಾನ ಇದ್ದಷ್ಟೂ ದಾರಿ ಉದ್ದ. ಪುಟ ಮುಚ್ಚಿದ ಮೇಲೂ ಸುದ್ದಿ ಮುಟ್ಟಿಸಲಿ ಅಂತ "ಬೀಕನ್" ಅನ್ನೋ ಸೌಲಭ್ಯ 2014ರಲ್ಲಿ ಕ್ರೋಮ್‌ಗೆ ಬಂತು, ಐಫೋನಿನ ಸಫಾರಿಗೆ ಬಂದದ್ದು 2018ರಲ್ಲಿ. ನೆಟ್ಟೇ ಇಲ್ಲದಾಗ ಫೋನಿನಲ್ಲೇ ಸಾಲಾಗಿ ಕೂಡಿಟ್ಟು ಆಮೇಲೆ ಕಳಿಸೋ ಏರ್ಪಾಡನ್ನ ನಾವೇ ಮಾಡ್ಕೋಬೇಕಾಯ್ತು.

ಈ ಕಷ್ಟವನ್ನ ನಮಗಿಂತ ಮೊದಲು, ನಮಗಿಂತ ದೊಡ್ಡ ಪ್ರಮಾಣದಲ್ಲಿ ಕಂಡವರು ಬೆಂಗಳೂರಿನಲ್ಲೇ ಇದ್ರು. ಫ್ಲಿಪ್‌ಕಾರ್ಟ್ 2015ರಲ್ಲಿ ತನ್ನ ಮೊಬೈಲ್ ವೆಬ್‌ಸೈಟನ್ನ ನಿಲ್ಲಿಸಿ ಎಲ್ಲರೂ ಆ್ಯಪ್ ಹಾಕ್ಕೊಳ್ಳಿ ಅಂದಿತ್ತು. ಅದರದ್ದೇ ಆಗಿದ್ದ ಮಿಂತ್ರಾ ಆ ಮೇ ತಿಂಗಳಲ್ಲಿ ಡೆಸ್ಕ್‌ಟಾಪ್ ಸೈಟಿಗೂ ಬೀಗ ಹಾಕ್ತು. ಕೈ ಸುಟ್ಟುಕೊಂಡ ಮೇಲೆ 2016ರಲ್ಲಿ ಅದನ್ನ ವಾಪಸ್ ತೆರೀಬೇಕಾಯ್ತು. ಫ್ಲಿಪ್‌ಕಾರ್ಟ್ ಅಷ್ಟು ತಡ ಮಾಡಲಿಲ್ಲ. 2015ರ ನವೆಂಬರ್‌ನಲ್ಲೇ ರಿಯಾಕ್ಟ್‌ನಲ್ಲಿ ಕಟ್ಟಿದ ಫ್ಲಿಪ್‌ಕಾರ್ಟ್ ಲೈಟ್ ತಂತು, ನೆಟ್ ಹೋದ್ರೂ ತೆರೆದುಕೊಳ್ಳೋ ವೆಬ್ ಆ್ಯಪ್. ಗೂಗಲ್ ಪ್ರಕಟಿಸಿದ ಅದರ ಅಧ್ಯಯನದ ಅಂಕಿಗಳು ನಮ್ಮ ವೃತ್ತಿಯಲ್ಲಿ ಬಾಯಿಪಾಠ. ಜನ ಸೈಟಿನಲ್ಲಿ ಇರ್ತಿದ್ದ ಹೊತ್ತು 70 ಸೆಕೆಂಡಿನಿಂದ ಮೂರೂವರೆ ನಿಮಿಷಕ್ಕೆ ಏರಿತು, ಡೇಟಾ ಖರ್ಚು ಮೂರು ಪಟ್ಟು ಇಳೀತು, ಬಳಸೋರಲ್ಲಿ 63% ಜನ ಬರ್ತಿದ್ದುದು 2ಜಿಯಲ್ಲಿ.

ಆ 63% ನೋಡಿದಾಗೆಲ್ಲ ನನಗೆ ಬೇರೆಯೇ ಯೋಚನೆ. ಅದು ಪುಟ ತೆರೆದು, ಸ್ಕ್ರಿಪ್ಟ್ ಇಳಿದು, ಇವೆಂಟ್ ಮುಟ್ಟಿದವರ ಲೆಕ್ಕ. ತಿರುಗೋ ಚಕ್ರ ನೋಡಿ ಸಾಕಾಗಿ ಫೋನ್ ಜೇಬಿಗಿಟ್ಟವರು ಅದರಲ್ಲಿ ಇಲ್ಲ. ಅಂಕಿಯನ್ನ ತಪ್ಪು ಅನ್ನುತ್ತಿಲ್ಲ, ಅದಕ್ಕಿಂತ ಜಾಸ್ತಿಯೇ ಇರಬೇಕು ಅನ್ನೋದು ನನ್ನ ಊಹೆ.

ಇನ್ನೊಂದು ಮಜಾ ಇದೆ. ಕಾಕಾನ ಫೋನಿನಿಂದ ಬಂದ ಇವೆಂಟ್‌ಗಳಲ್ಲಿ ಹತ್ತಿ ಔಷಧಿ, ತೊಗರಿ ಬೀಜದ ನಡುವೆ ಸ್ಪ್ರೇ ಪಂಪಿನ ಪುಟವನ್ನ ರಾತ್ರಿ ಹನ್ನೊಂದಕ್ಕೆ ಯಾರೋ ಪದೇ ಪದೇ ನೋಡಿದ್ರು. ಕಾಕಾ ಎಂಟಕ್ಕೆ ಮಲಗೋರು. ಅದು ಅವರ ಮಗ, ಮತ್ತು ಪಕ್ಕದ ಹೊಲದವರು. ನಮ್ಮ ದಾಖಲೆಯಲ್ಲಿ ಮೂವರೂ ಒಬ್ಬನೇ ಬಳಕೆದಾರ. ಇದರ ಉಲ್ಟಾ ಕಥೆ ನಮ್ಮೂರಿನಿಂದ ಬಸ್ಸಿನ ದೂರದ ಮಸ್ಕಿಯಲ್ಲಿದೆ. "ದೇವಾನಾಂಪ್ರಿಯ" ಅಂತ ಶಾಸನ ಬರೆಸಿದ ರಾಜ ಅಶೋಕನೇ ಅಂತ 1837ರಲ್ಲೇ ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ರು. ಆದ್ರೆ ಕಲ್ಲಿನ ಮೇಲೇ ಆ ಬಿರುದಿನ ಜೊತೆ "ಅಶೋಕ" ಅನ್ನೋ ಹೆಸರು ಸಿಕ್ಕಿದ್ದು 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಮಸ್ಕಿ ಬಂಡೆಯಲ್ಲಿ. ಎರಡು ಹೆಸರು, ಒಬ್ಬ ಮನುಷ್ಯ. ಅಲ್ಲಿ ಎರಡನ್ನ ಒಂದು ಮಾಡೋಕೆ ಬಂಡೆ ಇತ್ತು, ಕಾಕಾನ ಒಂದು ಫೋನನ್ನ ಮೂವರಾಗಿ ಒಡೆಯೋಕೆ ನನ್ನ ಹತ್ತಿರ ಏನೂ ಇಲ್ಲ. ಒಡೀಬೇಕೋ ಬೇಡವೋ ಅನ್ನೋದೂ ಈಗ ಅನುಮಾನ.

ಯಾಕೆ ಅಂದ್ರೆ, ಆ ರಾತ್ರಿ ಹನ್ನೊಂದರ ವಿಷಯ ನಾನು ಕಾಕಾಗೆ ನಗ್ತಾ ಹೇಳಿದ್ದೆ. ಅವರು ನಗಲಿಲ್ಲ.

"ಅದು ನಿನಗ ಹೆಂಗ ಗೊತ್ತಾತು?"

ವಿವರಿಸಿದೆ. ಸುಮ್ಮನೆ ಕೇಳಿಸಿಕೊಂಡ್ರು. ಆಮೇಲೆ ಬಹಳ ಹೊತ್ತು ಬಿಟ್ಟು, "ನಾ ಏನ್ ಒತ್ತಿದೆ ಅಂತ ನೀ ಬರ್ಕೊಳ್ಳೂದು, ನನಗ ಹೇಳ್ಬೇಕಿತ್ತಲ್ಲಪ" ಅಂದ್ರು.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಬಗ್ಗೆ 2012ರಲ್ಲಿ ಕೋರ್ಟಿಗೆ ಹೋದಾಗ ಅವರ ವಯಸ್ಸು ಎಂಬತ್ತು ದಾಟಿತ್ತು, 2024ರಲ್ಲಿ ತೀರಿಕೊಂಡ್ರು. 2023ರ ಆಗಸ್ಟ್‌ನಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರೋ ಹಾಗೆ ಇಟ್ಟಿದ್ದಾರೆ. ಒಪ್ಪಿಗೆಯ ಮಾತನ್ನ ಬಳಕೆದಾರ ಬಯಸಿದ ಭಾರತೀಯ ಭಾಷೆಯಲ್ಲಿ ಓದಲು ಅವಕಾಶ ಕೊಡಬೇಕು ಅಂತ ಆ ಕಾಯ್ದೆಯಲ್ಲಿದೆ. ಅಂದ್ರೆ ಆ ಭಾಷೆಯ ಹಾಳೆಗೆ ಈಗ ಇನ್ನೊಂದು ಕೆಲಸ ಸೇರಿತು.

ನಾನು ಆ ಕಂಪನಿ ಬಿಟ್ಟು ಮೂರು ವರ್ಷ ಆಯ್ತು. ಈಗಿನ ಕೆಲಸದಲ್ಲೂ ಇದೇ ಗಾಣ. ಅಂದ ಹಾಗೆ, ಬ್ಲಾಗಿಗೆ ಹಳೇ ಗೂಗಲ್ ಅನಲಿಟಿಕ್ಸ್ ಹಾಕ್ಕೊಂಡಿದ್ದವರಿಗೆ ಒಂದು ಕೆಟ್ಟ ಸುದ್ದಿ, ಗೊತ್ತಿಲ್ಲದಿದ್ರೆ. ಹಳೆಯದು 2023ರ ಜುಲೈ 1ಕ್ಕೆ ಲೆಕ್ಕ ನಿಲ್ಲಿಸ್ತು, 2024ರ ಜುಲೈನಿಂದ ಹಳೇ ಅಂಕಿಗಳನ್ನ ನೋಡೋ ದಾರಿಯೂ ಮುಚ್ಚಿತು. ಈಗಿನ ಜಿಎ4ರಲ್ಲಿ ಎಲ್ಲವೂ ಇವೆಂಟೇ, ಪುಟ ನೋಡೋದೂ ಒಂದು ಇವೆಂಟು. ಆ ಹಿರಿಯರ ಹರಿದ ಕೌಂಟರ್‌ನ ಗತಿಯೇ ಎಷ್ಟೋ ಕನ್ನಡ ಬ್ಲಾಗುಗಳ ಲೆಕ್ಕಕ್ಕೂ ಆಗಿದೆ. ಯಾರಾದ್ರೂ ನಿಮ್ಮದನ್ನ ಇಳಿಸಿ ಇಟ್ಕೊಂಡಿದ್ರೆ ಕಮೆಂಟಿಸಿ, ನೋಡೋ ಆಸೆ ಇದೆ.

ಕಾಕಾ ಈಗಲೂ ಅದೇ ಆ್ಯಪ್ ಬಳಸ್ತಾರೆ, ಕನ್ನಡದಲ್ಲೇ. ಫೋನ್ ಮಾಡಿದಾಗೆಲ್ಲ ಮಳೆ, ಹತ್ತಿ ರೇಟು ಎಲ್ಲ ಮುಗಿಸಿ ಕೊನೆಗೆ ಕೇಳ್ತಾರೆ: "ಇವತ್ತು ನಾ ಏನ್ ಒತ್ತೀನಿ, ಹೇಳು ನೋಡಾಣ."